ಪ್ಯಾಂಕ್ರಿಯಾಸ್ ಕ್ಯಾನ್ಸರ್, ಎಂಟನೇ ತಿಂಗಳು: ದೇವರ ಹತ್ತಿರ ಮಾತು ಬಿಟ್ಟಿದ್ದೇನೆ

ಕಿಟಕಿಪಕ್ಕ | ಶನಿವಾರ, ರಾತ್ರಿ 2:10

ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಎಂಟು ತಿಂಗಳ ಹಿಂದೆ ಮೈಯೆಲ್ಲ ತುರಿಕೆ ಶುರುವಾಯಿತು. ಅಂಗೈ, ಅಂಗಾಲು ಜಾಸ್ತಿ. ಸೋಪು ಬದಲಾಯಿಸಿ ನೋಡಿದೆ. ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆ ಇರಬೇಕು ಅಂದುಕೊಂಡೆವು. ನೋವಂತೂ ಇಲ್ಲವಲ್ಲ ಅಂತ ಸಮಾಧಾನ ಬೇರೆ. ನೋವಿಲ್ಲದ ಕಾಮಾಲೆ ಕಂಡರೇ ಡಾಕ್ಟರುಗಳಿಗೆ ಹೆಚ್ಚು ಅನುಮಾನ ಅಂತ ಆಮೇಲೆ ಗೊತ್ತಾಯಿತು. ಸ್ಕ್ಯಾನ್ ಮಾಡಿದರೆ ಮೇದೋಜ್ಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ, ತಲೆಭಾಗದಲ್ಲಿ ಗಡ್ಡೆ. ಅದು ಪಿತ್ತನಾಳವನ್ನು ಒತ್ತಿ ಹಿಡಿದಿತ್ತು. ನಾಳ ತೆರೆದಿಡಲು ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿದರು, ಹಳದಿ ಇಳಿಯಿತು. ಆದರೆ ಗಡ್ಡೆ ದೊಡ್ಡ ರಕ್ತನಾಳವೊಂದನ್ನು ಸುತ್ತಿಕೊಂಡಿದೆ, ಸದ್ಯಕ್ಕೆ ಆಪರೇಷನ್ ಆಗುವುದಿಲ್ಲ ಅಂದರು. ಬೇರೆ ಕಡೆ ಹರಡಿಲ್ಲ. ಎರಡು ವಾರಕ್ಕೊಮ್ಮೆ ಫಾಲ್ಫಿರಿನಾಕ್ಸ್ ಅನ್ನುವ ಕೀಮೋ ನಡೆಯುತ್ತಿದೆ.

ಈ ಕೀಮೋ ತೆಗೆದುಕೊಂಡವರಿಗೆ ಪಂಪ್ ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಮುಗಿದ ಮೇಲೆ ಉಳಿದ ಔಷಧಿಯನ್ನು ನಿಧಾನವಾಗಿ ಒಳಗೆ ಬಿಡುವ ಪಂಪಿನ ಚೀಲ ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. 46 ಗಂಟೆ ಅದು ಜೊತೆಗೇ ಇರುತ್ತದೆ. ಮಗ್ಗುಲು ಬದಲಿಸುವಾಗಲೂ ಟ್ಯೂಬ್ ಎಲ್ಲಿದೆ ಅಂತ ನೋಡಿಕೊಳ್ಳಬೇಕು. ನನ್ನದು ಆಗಾಗ 'ಗುರ್' ಅನ್ನುತ್ತದೆ. ಹಗಲು ಕೇಳಿಸುವುದಿಲ್ಲ. ರಾತ್ರಿ ಅದೊಂದೇ ಕೇಳಿಸುತ್ತದೆ.

ಮುಂಚೆ ಮಲಗುವ ಹೊತ್ತಿಗೆ ಪ್ರಾರ್ಥನೆ ಮಾಡುತ್ತಿದ್ದೆ. ಮೂವತ್ತು ವರ್ಷದ ಅಭ್ಯಾಸ. ಈಗ ಕಣ್ಣು ಮುಚ್ಚಿದರೆ ಆ ಗುರ್ ಸದ್ದು. ದೇವರ ಮೇಲೆ ಸಿಟ್ಟು ಅಂತಲೂ ಅಲ್ಲ. ಮಾತಾಡಲು ಏನೂ ಇಲ್ಲ ಅನಿಸುತ್ತದೆ, ಅಷ್ಟೆ.

ಇನ್ನು ಜನ. ಬಂದವರೆಲ್ಲ ಹೇಳುವುದು ಒಂದೇ. ಪಾಸಿಟಿವ್ ಆಗಿರಿ. ನಂಬಿಕೆ ಇಡಿ. ಅವರಿಗೆ ಹೀಗೇ ಆಗಿತ್ತು, ಈಗ ಆರಾಮಾಗಿದ್ದಾರೆ. (ಯಾರಿಗೆ, ಯಾವ ಕ್ಯಾನ್ಸರ್ ಅಂತ ಕೇಳಿದರೆ ಉತ್ತರ ಇರುವುದಿಲ್ಲ.) ದೂರದ ಸಂಬಂಧಿ ಒಬ್ಬರು ನನ್ನ ಎದುರಿಗೇ "ಯಾವ ಜನ್ಮದ ಪಾಪವೋ" ಅಂದರು. ಹೆಂಡತಿ ಎದ್ದು ಒಳಗೆ ಹೋದಳು. ನಾನು ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ. ಕೊನೆಗೆ ಬಂದವರಿಗೆ ನಾನೇ ಸಮಾಧಾನ ಹೇಳಿ ಕಳಿಸಬೇಕು. ಅವರು ಹೋದ ಮೇಲೆ ಕೀಮೋ ದಿನಕ್ಕಿಂತ ಜಾಸ್ತಿ ಸುಸ್ತು.

ಇದೇ ಕಾಯಿಲೆ ಇರುವವರು, ಇದ್ದವರನ್ನು ನೋಡಿಕೊಳ್ಳುತ್ತಿರುವವರು ಯಾರಾದರೂ ಇದ್ದೀರಾ? ನಿಮಗೆ ಆಸರೆ ಎಲ್ಲಿ ಸಿಕ್ಕಿತು? ನಂಬಿಕೆ ಉಳಿಯಿತಾ, ಹೋಯಿತಾ, ಹೋಗಿ ವಾಪಸ್ ಬಂತಾ? ಬುದ್ಧಿಮಾತು ಬೇಡ. ನಿಮಗೇನಾಯಿತೋ ಅದನ್ನು ಹೇಳಿ.

ಶುಭೋದಯ77 | ಶನಿವಾರ, ಬೆಳಗ್ಗೆ 6:02

ಧೈರ್ಯವಾಗಿರಿ ಸರ್. ದೇವರಿದ್ದಾನೆ. ಎಲ್ಲ ಒಳ್ಳೆಯದಾಗುತ್ತದೆ.

ಅರ್ಧನಿದ್ದೆ | ಶನಿವಾರ, ಬೆಳಗ್ಗೆ 9:45

@ಶುಭೋದಯ77 ಸರ್, ಅವರು ಯಾವುದು ಬೇಡ ಅಂದರೋ ಅದನ್ನೇ ಬರೆದಿದ್ದೀರಲ್ಲ. ಪೂರ್ತಿ ಓದಿದಿರಾ?

@ಕಿಟಕಿಪಕ್ಕ ನಾನು ಆಚೆ ಕಡೆಯವಳು. ನನ್ನ ಯಜಮಾನರಿಗೆ ಹದಿನಾಲ್ಕು ತಿಂಗಳಾಯಿತು. ಪತ್ತೆಯಾಗುವಾಗಲೇ ಲಿವರ್‌ಗೆ ಬಂದಿತ್ತು. ಮೊದಲ ಮೂರು ತಿಂಗಳು ದಿನಕ್ಕೆ ಹತ್ತು ಸಲ "ಪಾಸಿಟಿವ್ ಆಗಿರಿ" ಅಂತ ಹೇಳುತ್ತಿದ್ದವಳು ನಾನೇ. ಅದನ್ನು ಅವರ ಭಯಕ್ಕೆ ಹೇಳುತ್ತಿರಲಿಲ್ಲ, ನನ್ನ ಭಯಕ್ಕೆ ಹೇಳುತ್ತಿದ್ದೆ. ಅವರು ಸುಮ್ನೆ ತಲೆ ಆಡಿಸುತ್ತಿದ್ದರು. ನಾನು ಒಪ್ಪಿಗೆ ಅಂದುಕೊಳ್ಳುತ್ತಿದ್ದೆ.

ಒಂದು ರಾತ್ರಿ ಎಚ್ಚರಾಗಿ ನೋಡಿದರೆ ಹಾಸಿಗೆಯಲ್ಲಿ ಇಲ್ಲ. ಹೊರಗೆ ಮೇಜಿನ ಮುಂದೆ ಕುಳಿತು, ದಿಂಬನ್ನು ಹೊಟ್ಟೆಗೆ ಅಪ್ಪಿಕೊಂಡು, ಮುಂದಕ್ಕೆ ಬಾಗಿ ತಲೆ ಮೇಜಿಗೆ ಇಟ್ಟಿದ್ದರು. ಬೆನ್ನಿನ ತನಕ ನೋವಂತೆ. ಎಷ್ಟು ದಿನದಿಂದ ಅಂದೆ. ಒಂದು ತಿಂಗಳು ಅಂದರು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ಹೇಳಿದರೆ ನಾನು ಪಾಸಿಟಿವ್ ಆಗಿಲ್ಲ ಅಂತ ಆಗುತ್ತಲ್ವಾ?" ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಸಂಜೆ ಹತ್ತು ನಿಮಿಷ ಅವರು ಏನು ಬೇಕಾದರೂ ಹೇಳಬಹುದು. ನಾನು "ಹಾಗೆಲ್ಲ ಅನ್ನಬೇಡಿ" ಅನ್ನುವ ಹಾಗಿಲ್ಲ. ಮೊದಲ ದಿನ ಅವರು ಏನೂ ಹೇಳಲೇ ಇಲ್ಲ. ಎರಡನೇ ದಿನ "ಸಾಯೋದಕ್ಕಿಂತ ಆಸ್ಪತ್ರೆಯಲ್ಲಿ ಸಾಯೋದಕ್ಕೆ ಹೆದರಿಕೆ" ಅಂದರು. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಆದರೆ ಅವರು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ನಾನು ಮಾಡಲಿಲ್ಲ, ಅದು ಬೇರೆ ಮಾತು. ಹೆಸರು ನೋಡಿ.

ಹೊಲಿಗೆಗುರುತು | ಶನಿವಾರ, ಮಧ್ಯಾಹ್ನ 12:20

ನನಗೆ ವಿಪ್ಪಲ್ ಆಪರೇಷನ್ ಆಗಿ ನಾಲ್ಕು ವರ್ಷ. ಹೊಸಬರಿಗೆ ಹೇಳುವುದಾದರೆ, ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಸ್ವಲ್ಪ ಭಾಗ ಎಲ್ಲ ತೆಗೆದು ಉಳಿದದ್ದನ್ನು ಮತ್ತೆ ಜೋಡಿಸುತ್ತಾರೆ. 1935ರಲ್ಲಿ ಅಲೆನ್ ವಿಪ್ಪಲ್ ಅನ್ನುವ ಸರ್ಜನ್ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿಯಿತು. ಪತ್ತೆಯಾಗುವಾಗ ಆಪರೇಷನ್‌ಗೆ ಸಿಗುವವರು ನೂರಕ್ಕೆ 15ರಿಂದ 20 ಜನ ಮಾತ್ರ. ನಾನು ಅವರಲ್ಲಿ ಒಬ್ಬಳು.

ಇದನ್ನು ಬರೆಯುವಾಗ ನನಗೆ ಮುಜುಗರ ಆಗುತ್ತದೆ. ಜನ "ಹೋರಾಡಿ ಗೆದ್ದಿರಿ" ಅನ್ನುತ್ತಾರೆ. ಏನು ಹೋರಾಟ? ನಾನು ಪ್ರಜ್ಞೆ ಇಲ್ಲದೆ ಮಲಗಿದ್ದೆ. ಹೋರಾಡಿದ್ದು ಗಂಟೆಗಟ್ಟಲೆ ನಿಂತ ಸರ್ಜನ್ ಮತ್ತು ಅವರ ಕಾಲುನೋವು. ನನ್ನ ಪಕ್ಕದ ಕುರ್ಚಿಯಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದ ಅಕ್ಕ ನನಗಿಂತ ಗಟ್ಟಿ ಹೆಂಗಸು. ಅವರಿಲ್ಲ. ಅವರ ನಂಬಿಕೆ ಕಮ್ಮಿ ಬಿತ್ತು ಅಂತ ಹೇಳುವುದಾ?

ಲೆಕ್ಕಗಳ ವಿಷಯ. ನೀವು ರಾತ್ರಿ ಎರಡು ಗಂಟೆಗೆ ಅವನ್ನೇ ಹುಡುಕುತ್ತಿರುತ್ತೀರಿ, ನಾನೂ ಮಾಡಿದ್ದೇನೆ. ಅಮೆರಿಕದ ಲೆಕ್ಕದಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 13. ಆ 13ರಲ್ಲಿ ಎಲ್ಲ ಹಂತದವರೂ ಸೇರಿದ್ದಾರೆ. ಬೇಗ ಸಿಕ್ಕವರ ಅಂಕಿ ಮೇಲೆ, ಹರಡಿದವರದು ತುಂಬ ಕೆಳಗೆ. ನನಗೆ ಸಹಾಯ ಮಾಡಿದ್ದು ಸ್ಟೀಫನ್ ಜೇ ಗೋಲ್ಡ್ ಅನ್ನುವ ವಿಜ್ಞಾನಿಯ ಕಥೆ. ಅವರದು ಬೇರೆ ಕ್ಯಾನ್ಸರ್, ಹೊಟ್ಟೆಯ ಪೊರೆಯದು. 1982ರಲ್ಲಿ ಗೊತ್ತಾದಾಗ ಪುಸ್ತಕದಲ್ಲಿದ್ದ ಬದುಕುವ ಕಾಲದ ಮಧ್ಯಾಂಕ ಎಂಟು ತಿಂಗಳು. ಅವರು ಕೂತು ಲೆಕ್ಕ ಹಾಕಿದರು. ಮಧ್ಯಾಂಕ ಅಂದರೆ ಅರ್ಧ ಜನ ಅದನ್ನು ದಾಟುತ್ತಾರೆ, ದಾಟಿದವರ ಸಾಲು ಎಷ್ಟು ಉದ್ದ ಬೇಕಾದರೂ ಹೋಗಬಹುದು. ಅವರು 2002ರ ತನಕ ಬದುಕಿದರು. ಎಲ್ಲರಿಗೂ ಹಾಗೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಅಂಕಿ ನನ್ನ ಕೊರಳಿಗೆ ಕಟ್ಟಿದ ಚೀಟಿ ಅಲ್ಲ ಅಂತ ತಿಳಿಯಿತು, ಅಷ್ಟೆ.

ನಂಬಿಕೆ ಬಗ್ಗೆ ಕೇಳಿದಿರಿ. "ನನ್ನನ್ನು ಗುಣ ಮಾಡು" ಅಂತ ಕೇಳುವುದಕ್ಕೆ ನನಗೆ ಬಾಯಿಯೇ ಬರಲಿಲ್ಲ. ಅಷ್ಟು ದೊಡ್ಡದನ್ನು ಕೇಳಿ ಇಲ್ಲ ಅಂದರೆ ಏನು ಮಾಡುವುದು ಅನ್ನುವ ಭಯ. ಅದಕ್ಕೇ ಚಿಲ್ಲರೆ ಪ್ರಾರ್ಥನೆ ಶುರು ಮಾಡಿದೆ. ಇವತ್ತು ಮಧ್ಯಾಹ್ನ ವಾಂತಿ ಆಗದಿರಲಿ. ಸೂಜಿ ಒಂದೇ ಸಲಕ್ಕೆ ನರಕ್ಕೆ ಸಿಗಲಿ. ಮಗ ಬರುವ ಹೊತ್ತಿಗೆ ಎದ್ದು ಕೂರುವ ಹಾಗಾಗಲಿ. ಕೆಲವು ನಡೆದವು, ಕೆಲವು ಇಲ್ಲ. ನಾಲ್ಕು ವರ್ಷ ಆದರೂ ನನ್ನದು ಈಗಲೂ ಚಿಲ್ಲರೆಯೇ.

ಮರೆಯುವ ಮುಂಚೆ: ಜೀನ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಈ ಕ್ಯಾನ್ಸರ್ ಇರುವ ಎಲ್ಲರಿಗೂ ಮಾಡಿಸಬೇಕು ಅಂತಲೇ ಈಗಿನ ಸಲಹೆ. ಬಿಆರ್‌ಸಿಎ ಅನ್ನುವ ಜೀನ್‌ನಲ್ಲಿ ದೋಷ ಸಿಕ್ಕರೆ ಔಷಧಿಯ ಆಯ್ಕೆ ಬದಲಾಗಬಹುದು. ಮಕ್ಕಳು, ಒಡಹುಟ್ಟಿದವರಿಗೂ ಅದು ಬೇಕಾದ ಮಾಹಿತಿ.

ಆರೋಗ್ಯಭಾಗ್ಯ | ಶನಿವಾರ, ಮಧ್ಯಾಹ್ನ 1:05

ಕೀಮೋ ಎಂದರೆ ವಿಷ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಇದೇ ಕ್ಯಾನ್ಸರ್‌ನಲ್ಲಿ ಎಂಟು ವರ್ಷ ಬದುಕಿದ್ದು ಪಥ್ಯ ಮಾಡಿದ್ದಕ್ಕೆ. ನಮ್ಮಲ್ಲಿ ಮೂಲಿಕೆ ಔಷಧಿ ಇದೆ, ನೂರಕ್ಕೆ ನೂರು ಗ್ಯಾರಂಟಿ. ನಂಬಿಕೆ ಇರಬೇಕು ಅಷ್ಟೆ. ಸಂಪರ್ಕಿಸಿ [ಸಂಖ್ಯೆಯನ್ನು ತೆಗೆಯಲಾಗಿದೆ]

ನಿರ್ವಾಹಕಿ | ಶನಿವಾರ, ಮಧ್ಯಾಹ್ನ 1:30

ಸಂಖ್ಯೆ ತೆಗೆದಿದ್ದೇನೆ, ಖಾತೆ ನಿಲ್ಲಿಸಿದ್ದೇನೆ. ಬರಹವನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥವು ಎಲ್ಲರ ಫೋನಿಗೂ ಬರುತ್ತಿರುತ್ತವೆ, ಉತ್ತರ ಇಲ್ಲೇ ಇರಲಿ.

ಹೊಲಿಗೆಗುರುತು | ಶನಿವಾರ, ಮಧ್ಯಾಹ್ನ 1:52

ಉತ್ತರ ನಾನೇ ಕೊಡುತ್ತೇನೆ, ಸಿಟ್ಟು ಬಂದಿದೆ. ಜಾಬ್ಸ್‌ಗೆ ಇದ್ದದ್ದು ನ್ಯೂರೋಎಂಡೋಕ್ರೈನ್ ಗಡ್ಡೆ. ಅದೇ ಗ್ರಂಥಿಯಲ್ಲಿ ಬಂದರೂ ಬೇರೆ ಜಾತಿ, ಸಾಮಾನ್ಯವಾಗಿ ನಿಧಾನ ಬೆಳೆಯುತ್ತದೆ. ನಮ್ಮಂಥ ಬಹುಪಾಲು ಜನಕ್ಕೆ ಬರುವುದು ಅಡಿನೋಕಾರ್ಸಿನೋಮ. ಅವರಿಗೆ 2003ರಲ್ಲಿ ಗೊತ್ತಾಯಿತು. ಪಥ್ಯ, ಬೇರೆ ಚಿಕಿತ್ಸೆ ಅಂತ ಸುಮಾರು ಒಂಬತ್ತು ತಿಂಗಳು ಆಪರೇಷನ್ ಮುಂದೂಡಿದರು. 2004ರಲ್ಲಿ ಮಾಡಿಸಿಕೊಂಡರು. ತಡ ಮಾಡಿದ್ದಕ್ಕೆ ಆಮೇಲೆ ಪಶ್ಚಾತ್ತಾಪ ಪಟ್ಟರು ಅಂತ ಅವರ ಜೀವನಚರಿತ್ರೆ ಬರೆದವರೇ ಹೇಳಿದ್ದಾರೆ. ಪಥ್ಯದಿಂದ ಬದುಕಿದರು ಅನ್ನುವುದು ತಲೆಕೆಳಗು.

ಮತ್ತೆ ಆ "ನಂಬಿಕೆ ಇರಬೇಕು ಅಷ್ಟೆ". ಗುಣ ಆದರೆ ಔಷಧಿಯ ಹೆಸರು, ಆಗದಿದ್ದರೆ ನಮ್ಮ ನಂಬಿಕೆಯ ತಪ್ಪು. ಒಳ್ಳೆಯ ವ್ಯಾಪಾರ.

ಪ್ರಶ್ನಾರ್ಥಕ | ಶನಿವಾರ, ಸಂಜೆ 5:15

ನಾನು ದೇವರನ್ನು ನಂಬುವವನಲ್ಲ. ಅಣ್ಣನಿಗೆ ಈ ಕಾಯಿಲೆ ಇತ್ತು. ಇಲ್ಲಿ ಬರೆಯಬಹುದಾ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಪ್ರಾರ್ಥನೆ ಬಗ್ಗೆ ಒಂದು ದೊಡ್ಡ ಅಧ್ಯಯನ 2006ರಲ್ಲಿ ಬಂತು. ಹೃದಯದ ಬೈಪಾಸ್ ಆದ 1,802 ಜನ. ಒಂದು ಗುಂಪಿಗೆ ಪ್ರಾರ್ಥನೆ ಇತ್ತು, ಒಂದಕ್ಕೆ ಇರಲಿಲ್ಲ. ಈ ಎರಡೂ ಗುಂಪಿಗೆ ತಾವು ಯಾವುದರಲ್ಲಿದ್ದೇವೆ ಅಂತ ಗೊತ್ತಿರಲಿಲ್ಲ. ತೊಂದರೆ ಆದವರ ಪ್ರಮಾಣ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ನೂರಕ್ಕೆ 52 ಮತ್ತು 51. ಮೂರನೇ ಗುಂಪಿಗೆ "ನಿಮಗಾಗಿ ಖಂಡಿತ ಪ್ರಾರ್ಥನೆ ಮಾಡುತ್ತಿದ್ದಾರೆ" ಅಂತ ಮುಂಚೆಯೇ ಹೇಳಿದ್ದರು. ಅವರಲ್ಲಿ 59. ಯಾಕೆ ಅಂತ ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಇಷ್ಟು ಜನ ಬೇಡಿಕೊಳ್ಳುತ್ತಿದ್ದಾರೆ ಅಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ ಅನ್ನುವ ಆತಂಕ ಇರಬಹುದು ಅಂತ ಒಂದು ಊಹೆ.

ಅಣ್ಣನಿಗೂ ನಂಬಿಕೆ ಇರಲಿಲ್ಲ. "ಈಗಲಾದರೂ ದೇವರನ್ನು ನೆನೆ" ಅಂತ ಬಂದವರು ಕಾಡಿದ್ದು ಅಷ್ಟಿಷ್ಟಲ್ಲ. ನಂಬದವನಿಗೂ ಸಾಯುವಾಗ ಮರ್ಯಾದೆ ಬೇಕು.

ಮೌನರಾಗ | ಶನಿವಾರ, ಸಂಜೆ 7:40

ಸರ್, ಕೊನೆಯ ಸಾಲು ಪೂರ್ತಿ ಒಪ್ಪಿದೆ. ಆದರೆ ಪ್ರಾರ್ಥನೆಯನ್ನು ಮಾತ್ರೆ ತರಹ ತೂಗಿ ನೋಡಿದರೆ ನೂರಕ್ಕೆ ಇಷ್ಟು ಅಂತಲೇ ಬರುವುದು. ನಾನು ಅಪ್ಪನಿಗಾಗಿ ಹನ್ನೊಂದು ತಿಂಗಳು ಪ್ರಾರ್ಥಿಸಿದೆ. ಅಪ್ಪ ಹೋದರು. ನನ್ನ ಪ್ರಾರ್ಥನೆ ಸೋತಿತು ಅಂತ ನನಗೆ ಅನಿಸಿಲ್ಲ. ದಿನಾ ಬೆಳಗ್ಗೆ ಆ ಕಾಲು ಗಂಟೆ ಇಲ್ಲದಿದ್ದರೆ ಅಪ್ಪನ ಕೋಣೆಗೆ ಹೋಗಿ ಅವರ ಮೈ ಒರೆಸುವ ಶಕ್ತಿ ನನಗೆ ಇರುತ್ತಿರಲಿಲ್ಲ. ಇದನ್ನು ಯಾವ ಅಧ್ಯಯನದಲ್ಲಿ ಬರೆಯುತ್ತೀರಿ?

ಪ್ರಶ್ನಾರ್ಥಕ | ಶನಿವಾರ, ಸಂಜೆ 7:58

ಬರೆಯಲು ಆಗುವುದಿಲ್ಲ. ಒಪ್ಪಿದೆ. ನಾನು ಅಣ್ಣನ ಮೈ ಒರೆಸುವಾಗ ಹಳೆಯ ಕ್ರಿಕೆಟ್ ಸ್ಕೋರ್ ಹೇಳಿಕೊಳ್ಳುತ್ತಿದ್ದೆ. ಅದೂ ಅದೇ ಕೆಲಸ ಮಾಡಿತು ಅಂತ ಕಾಣುತ್ತದೆ.

ಹಿರಿಮಗಳು | ಭಾನುವಾರ, ಬೆಳಗ್ಗೆ 8:30

ನಂಬಿಕೆ ಅಂದಾಕ್ಷಣ ಎಲ್ಲರೂ ಪ್ರಾರ್ಥನೆಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಅದು ಊಟದ ತಟ್ಟೆಯ ಪಕ್ಕ ಬಂದು ನಿಂತಿತು. ಬೇರೆ ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಅಪ್ಪ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ವಾರವಾರ ತೂಕ ಇಳಿಯುತ್ತಿತ್ತು. ಮಲ ಎಣ್ಣೆ ಎಣ್ಣೆ, ನೀರಿನ ಮೇಲೆ ತೇಲುತ್ತಿತ್ತು, ಎಷ್ಟು ನೀರು ಹಾಕಿದರೂ ಹೋಗುತ್ತಿರಲಿಲ್ಲ. (ಕ್ಷಮಿಸಿ, ಆದರೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು.) ಕ್ಯಾನ್ಸರ್ ಅಂದ ಮೇಲೆ ಸೊರಗುವುದೇ ಅಂತ ನಾವು ಸುಮ್ಮನಿದ್ದೆವು. ಆಮೇಲೆ ಡಯಟಿಷಿಯನ್ ಒಬ್ಬರು ಹೇಳಿದರು: ಗ್ರಂಥಿ ಜೀರ್ಣರಸ ಕೊಡುತ್ತಿಲ್ಲ, ಕೊಬ್ಬು ಹಾಗೇ ಹೊರಗೆ ಹೋಗುತ್ತಿದೆ, ಎಂಜೈಮ್ ಕ್ಯಾಪ್ಸೂಲ್ ಬೇಕು.

ಅಪ್ಪನಿಗೆ ಚೀಟಿ ಓದುವ ಅಭ್ಯಾಸ. ಡಬ್ಬಿಯ ಒಳಗಿನ ಕಾಗದ ಬಿಡಿಸಿ ಓದಿದರು. ಹಂದಿಯ ಗ್ರಂಥಿಯಿಂದ ತೆಗೆದದ್ದು. ನಮಗೆ ಅದು ನಿಷಿದ್ಧ. ಅಪ್ಪ ಡಬ್ಬಿ ಮುಚ್ಚಿ ಪಕ್ಕಕ್ಕೆ ಇಟ್ಟರು. "ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ಕೊನೆಗಾಲದಲ್ಲಿ ಬಿಡುವುದಿಲ್ಲ" ಅಂದರು. ನಾನು ಕೂಗಾಡಿದೆ. ಇದಕ್ಕೆ ಬದಲಿ ಕೊಡಿ ಅಂತ ಡಾಕ್ಟರನ್ನು ಕೇಳಿದರೆ, ಕೆಲಸ ಮಾಡುವುದು ಇದೇ ಅಂದರು.

ಹತ್ತು ದಿನ ಡಬ್ಬಿ ಹಾಗೇ ಇತ್ತು. ಕೊನೆಗೆ ನಮ್ಮ ಧರ್ಮದ ಹಿರಿಯರೊಬ್ಬರನ್ನು ಮನೆಗೆ ಕರೆದೆ. ಅವರು ಉಪದೇಶ ಮಾಡಲಿಲ್ಲ. ಡಬ್ಬಿ ಕೈಗೆ ತೆಗೆದುಕೊಂಡು ಓದಿದರು. ಇದನ್ನು ಬಿಟ್ಟರೆ ಬೇರೆ ಇದೆಯಾ ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. ಅಪ್ಪನ ಕಡೆ ತಿರುಗಿ, "ಇದು ಊಟ ಅಲ್ಲ, ಔಷಧಿ. ಜೀವ ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲದಾಗ ಇದಕ್ಕೆ ಅವಕಾಶ ಇದೆ. ತೆಗೆದುಕೊಳ್ಳಿ, ಲೆಕ್ಕ ನನ್ನ ತಲೆಗೆ ಇರಲಿ" ಅಂದರು. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ನಿಮ್ಮ ತಲೆಗೆ ಬೇಡ, ಅರ್ಧ ಅರ್ಧ ಹಾಕಿಕೊಳ್ಳೋಣ" ಅಂದರು. ಮೂರು ತಿಂಗಳಲ್ಲಿ ಮೊದಲ ಸಲ ನಗು ಬಂದದ್ದು ಅವತ್ತು.

ಕ್ಯಾಪ್ಸೂಲ್ ತೆಗೆದುಕೊಳ್ಳುವ ರೀತಿಯಲ್ಲೂ ನಾವು ತಪ್ಪು ಮಾಡಿದ್ದೆವು. ಊಟ ಮುಗಿದ ಮೇಲೆ ಕೊಡುತ್ತಿದ್ದೆ, ಅದರಿಂದ ಹೆಚ್ಚು ಉಪಯೋಗ ಇಲ್ಲ. ಮೊದಲ ತುತ್ತಿನ ಜೊತೆ ನುಂಗಬೇಕು. ಊಟ ನಿಧಾನ ಆದರೆ ಸ್ವಲ್ಪ ನಡುವೆ. ಅಗಿಯಬಾರದು. ಎಷ್ಟು ಅನ್ನುವುದನ್ನು ಅವರವರ ಡಾಕ್ಟರೇ ಹೇಳಬೇಕು. ಅಪ್ಪನ ತೂಕ ಏರಲಿಲ್ಲ, ಆದರೆ ಇಳಿಯುವುದು ನಿಂತಿತು. ಹೊಟ್ಟೆ ಉಬ್ಬರ ಹೋಯಿತು.

ರಾತ್ರಿಪಾಳಿ | ಭಾನುವಾರ, ಬೆಳಗ್ಗೆ 11:10

ಕೆಲಸ ಮುಗಿಸಿ ಬಂದು ಓದಿದೆ. ನಾನು ಉಪಶಾಮಕ ಆರೈಕೆಯ ನರ್ಸ್, ಪ್ಯಾಲಿಯೇಟಿವ್ ಕೇರ್ ಅಂತಾರಲ್ಲ ಅದು. ಈ ಹೆಸರು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಕೊನೆ ಬಂತು ಅಂತ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 2010ರಲ್ಲಿ ಬಂದ ಒಂದು ಅಧ್ಯಯನ ಇದೆ, ಹರಡಿದ ಶ್ವಾಸಕೋಶದ ಕ್ಯಾನ್ಸರ್‌ನವರ ಮೇಲೆ ಮಾಡಿದ್ದು. ಮೊದಲಿನಿಂದಲೇ ಕೀಮೋ ಜೊತೆ ಈ ಆರೈಕೆ ಸಿಕ್ಕವರು ನೆಮ್ಮದಿಯಾಗಿದ್ದರು. ಅಷ್ಟೇ ಅಲ್ಲ, ಎರಡೂವರೆ ತಿಂಗಳಿಗಿಂತ ಸ್ವಲ್ಪ ಜಾಸ್ತಿಯೇ ಬದುಕಿದರು. ಇದು ಚಿಕಿತ್ಸೆ ನಿಲ್ಲಿಸಿ ಬರುವ ವಿಭಾಗ ಅಲ್ಲ. ಚಿಕಿತ್ಸೆ ಜೊತೆಗೇ ಬರಬಹುದು.

@ಅರ್ಧನಿದ್ದೆ ಅಕ್ಕ, ನಿಮ್ಮ ಯಜಮಾನರು ಮುಂದಕ್ಕೆ ಬಾಗಿ ಕುಳಿತದ್ದು ಓದಿ ಹೊಟ್ಟೆ ಚುರುಕ್ ಅಂತು. ಈ ಗ್ರಂಥಿಯ ಹಿಂದೆ ನರಗಳ ಒಂದು ಗಂಟು ಇದೆ, ಸೀಲಿಯಾಕ್ ಪ್ಲೆಕ್ಸಸ್. ಗಡ್ಡೆ ಅಲ್ಲಿಗೆ ತಾಗಿದರೆ ಬೆನ್ನಿನ ತನಕ ನೋವು. ಬಾಗಿದರೆ ಸ್ವಲ್ಪ ಹಗುರ. ಮಾತ್ರೆಗೆ ಬಗ್ಗದಿದ್ದರೆ ಆ ನರಗಂಟಿಗೇ ಇಂಜೆಕ್ಷನ್ ಕೊಡುವ ವಿಧಾನ ಇದೆ. ಕೇಳಿ ನೋಡಿ. ಮಾರ್ಫಿನ್ ಅಂದರೆ ಚಟ, ಮಾರ್ಫಿನ್ ಅಂದರೆ ಸಾವು ಅನ್ನುವ ಭಯ ಬಿಡಿ. ನೋವಿಗೆ ತಕ್ಕಷ್ಟು, ನೋಡಿಕೊಂಡು ಕೊಡುತ್ತಾರೆ.

@ಕಿಟಕಿಪಕ್ಕ ಸರ್, "ಮಾತಾಡಲು ಏನೂ ಇಲ್ಲ" ಅಂದಿರಲ್ಲ, ಅಲ್ಲಿ ಓದುವುದು ನಿಲ್ಲಿಸಿದೆ. ಈ ಕ್ಯಾನ್ಸರ್‌ನಲ್ಲಿ ಖಿನ್ನತೆ ತುಂಬ ಸಾಮಾನ್ಯ. ಕೆಲವರಿಗೆ ಕಾಯಿಲೆ ಪತ್ತೆಯಾಗುವ ಮುಂಚೆಯೇ ಶುರುವಾಗಿರುತ್ತದೆ. ಅದು ನಂಬಿಕೆ ಒಣಗಿದ್ದೋ, ಖಿನ್ನತೆಯೋ ಅಂತ ಒಳಗಿನಿಂದ ಗುರುತಿಸುವುದು ಕಷ್ಟ. ಎರಡೂ ಒಂದೇ ತರಹ ಕಾಣುತ್ತವೆ. ಎರಡನೆಯದಕ್ಕೆ ಔಷಧಿ ಇದೆ. ಮುಂದಿನ ಸಲ ಡಾಕ್ಟರಿಗೆ ಈ ಸಾಲನ್ನೇ ತೋರಿಸಿ.

"ಯಾವ ಜನ್ಮದ ಪಾಪವೋ" ಅಂದವರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಬೇಕಿತ್ತು, ಬಿಡಿ. ಕೆನೆತ್ ಪಾರ್ಗಮೆಂಟ್ ಅನ್ನುವ ಮನಶ್ಶಾಸ್ತ್ರಜ್ಞರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ದೇವರು ಜೊತೆಗಿದ್ದಾನೆ ಅಂದುಕೊಂಡವರಿಗೆ ನಂಬಿಕೆ ಆಸರೆ. ದೇವರು ಶಿಕ್ಷೆ ಕೊಡುತ್ತಿದ್ದಾನೆ ಅಂದುಕೊಂಡವರಿಗೆ ಅದೇ ನಂಬಿಕೆ ಇನ್ನೊಂದು ಕಾಯಿಲೆ. ವಾರ್ಡಿನಲ್ಲಿ ನಾನು ಇದನ್ನು ಕಣ್ಣಾರೆ ನೋಡುತ್ತೇನೆ. ನೋವಿನ ಔಷಧಿ ಎಷ್ಟು ಏರಿಸಿದರೂ ಕೆಲವರಿಗೆ ಇಳಿಯುವುದಿಲ್ಲ. ಕೂತು ಮಾತಾಡಿಸಿದರೆ ಒಳಗೆ ಈ ಮುಳ್ಳು ಇರುತ್ತದೆ. ಸಿಸಿಲಿ ಸಾಂಡರ್ಸ್ ಇದನ್ನೇ 'ಪೂರ್ತಿ ನೋವು' ಅಂದರು: ಮೈಯದು, ಮನಸ್ಸಿನದು, ಮನೆಮಂದಿಯದು, ಆತ್ಮದ್ದು, ಎಲ್ಲ ಒಟ್ಟಿಗೆ. ಅವರು ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಗಾಲದ ಆರೈಕೆಯ ಮನೆ, ಶುರು ಮಾಡಿದರು. ಮೊದಲು ನರ್ಸ್ ಆಗಿದ್ದರು ಅನ್ನುವುದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ!

ಇನ್ನೊಂದು. ಸ್ಟೆಂಟ್ ಇರುವವರಿಗೆ ಚಳಿ ನಡುಕದ ಜೊತೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಸ್ಟೆಂಟ್ ಕಟ್ಟಿಕೊಂಡು ಸೋಂಕು ಆಗಿರಬಹುದು. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 100.4) ದಾಟಿದರೆ ಆ ರಾತ್ರಿಯೇ ಆಸ್ಪತ್ರೆ.

ನೀಲಿಕೊಡೆ | ಭಾನುವಾರ, ಮಧ್ಯಾಹ್ನ 3:25

ನನ್ನ ಕಷ್ಟ ಉಲ್ಟಾ. ನಮ್ಮವರಿಗೆ ನಂಬಿಕೆ ಜಾಸ್ತಿ ಆಗಿದೆ. ಪವಾಡ ಆಗೇ ಆಗುತ್ತದೆ ಅಂತ ಕೂತಿದ್ದಾರೆ. ಬ್ಯಾಂಕಿನ ಕಾಗದ, ವಿಲ್, ವೆಂಟಿಲೇಟರ್ ಹಾಕಬೇಕಾ ಬೇಡವಾ, ಏನು ಮಾತೆತ್ತಿದರೂ "ನಿನಗೆ ನಂಬಿಕೆ ಇಲ್ಲ" ಅನ್ನುತ್ತಾರೆ. ಬದಲಾಯಿಸಿ ಕೊಟ್ಟ ಎರಡನೇ ಕೀಮೋ ಕೂಡ ಕೆಲಸ ಮಾಡುತ್ತಿಲ್ಲ ಅಂತ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಮಕ್ಕಳು ಚಿಕ್ಕವರು. ನಾನು ಯಾರ ಹತ್ತಿರ ಅಳಲಿ?

ರಾತ್ರಿಪಾಳಿ | ಭಾನುವಾರ, ಮಧ್ಯಾಹ್ನ 3:50

ಮೊದಲು ಇಲ್ಲಿ ಅಳಿ ಅಮ್ಮ. ಇಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಅವರ ನಂಬಿಕೆಯ ಜೊತೆ ವಾದಕ್ಕೆ ಇಳಿಯಬೇಡಿ. ಅದು ಬಿದ್ದರೆ ಅವರಿಗೆ ಹಿಡಿಯಲು ಬೇರೆ ಕೊಂಬೆ ಇಲ್ಲ. ನಾನು ಒಬ್ಬರ ಮನೆಯಲ್ಲಿ ನೋಡಿದ್ದು ಹೇಳುತ್ತೇನೆ. ಆ ಹೆಂಡತಿ ಹೀಗಂದರು: "ಪವಾಡ ಆಗಲಿ, ನಾನೂ ಬೇಡಿಕೊಳ್ಳುತ್ತೇನೆ. ಕಾಗದ ಬರೆದಿಡೋಣ. ಪವಾಡ ಆದ ದಿನ ಇಬ್ಬರೂ ಸೇರಿ ಹರಿದು ಹಾಕೋಣ." ಅವರ ಯಜಮಾನರು ಎರಡು ದಿನ ಬಿಟ್ಟು ಪೆನ್ನು ಕೇಳಿದರು. ಎಲ್ಲರೂ ಕೇಳುತ್ತಾರೆ ಅಂತಲ್ಲ. ನೋಡಿ. ಮತ್ತೆ ನಿಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ್ದು ಸರಿ ಅಲ್ಲ. "ಇದನ್ನು ಅವರಿಗೂ ನೀವೇ ಹೇಳಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ" ಅಂತ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಆ ಭಾರ ನೀವೊಬ್ಬರೇ ಹೊರಬೇಕಾದ್ದಲ್ಲ.

ಅರ್ಧನಿದ್ದೆ | ಭಾನುವಾರ, ಸಂಜೆ 4:30

@ನೀಲಿಕೊಡೆ ನಿಮಗೆ ಖಾಸಗಿ ಸಂದೇಶ ಕಳಿಸಿದ್ದೇನೆ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎದ್ದೇ ಇರುತ್ತೇನೆ.

ಕಿಟಕಿಪಕ್ಕ | ಗುರುವಾರ, ಸಂಜೆ 6:15

ನಾಲ್ಕು ದಿನ ಓದುತ್ತಿದ್ದೆ, ಬರೆಯಲು ಆಗಲಿಲ್ಲ. ಎಲ್ಲರಿಗೂ ಒಟ್ಟಿಗೆ ಉತ್ತರ.

ರಾತ್ರಿಪಾಳಿ ಅವರು ಹೇಳಿದ ಹಾಗೆ ಆ ಸಾಲನ್ನು ಡಾಕ್ಟರಿಗೆ ತೋರಿಸಿದೆ. ಓದಿ, ಸ್ಕ್ಯಾನ್ ಪಕ್ಕಕ್ಕಿಟ್ಟು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಒಂದು ಮಾತ್ರೆ ಶುರುವಾಗಿದೆ. ಗೊತ್ತಾಗಲು ಕೆಲವು ವಾರ ಬೇಕಂತೆ.

ಹತ್ತು ನಿಮಿಷದ ಕಟ್ಟಳೆ ನಮ್ಮ ಮನೆಗೂ ಬಂದಿದೆ. ಹೆಂಡತಿ ಒಂದು ತಿದ್ದುಪಡಿ ಮಾಡಿದಳು: ಐದು ನಿಮಿಷ ನನಗೆ, ಐದು ಅವಳಿಗೆ. ಅವಳ ಐದು ನಿಮಿಷದಲ್ಲಿ ಎಷ್ಟೊಂದು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಒಬ್ಬ ಹಳೆಯ ಸಹೋದ್ಯೋಗಿ ಇದ್ದಾನೆ. ಅವನ ಬಗ್ಗೆ ಮೊದಲೇ ಬರೆಯಬೇಕಿತ್ತು, ಯಾಕೆ ಮರೆತೆನೋ. ಪಂಪ್ ತೆಗೆಸುವ ದಿನ ಅವನೇ ಕಾರು ತರುತ್ತಾನೆ. ಹೇಗಿದ್ದೀಯ ಅಂತ ಇವತ್ತಿನ ತನಕ ಕೇಳಿಲ್ಲ. ಕಾಯುವ ಕೋಣೆಯಲ್ಲಿ ಪೇಪರ್ ಬಿಚ್ಚಿ ಪದಬಂಧ ಹಿಡಿದು ಕೂರುತ್ತಾನೆ. "ಎಡದಿಂದ ಬಲಕ್ಕೆ, ನಾಲ್ಕಕ್ಷರ" ಅನ್ನುತ್ತಾನೆ. ಕೀಮೋಗೆ ಬೆರಳ ತುದಿ ಜೋಮು ಹಿಡಿದಿರುವುದರಿಂದ ಪೆನ್ನು ಅವನ ಕೈಯಲ್ಲಿ. ನಾನು ಹೇಳುತ್ತೇನೆ, ಅವನು ತಪ್ಪು ಮನೆಯಲ್ಲಿ ಬರೆಯುತ್ತಾನೆ, ಜಗಳ ಆಡುತ್ತೇವೆ. ಆಸರೆ ಎಲ್ಲಿ ಅಂತ ಇಲ್ಲಿ ಬಂದು ಕೇಳಿದೆ ನೋಡಿ, ಅದು ಎಂಟು ತಿಂಗಳಿಂದ ಕಾರು ಓಡಿಸುತ್ತಿತ್ತು.

ಪ್ರಾರ್ಥನೆ. ಪ್ರಶ್ನಾರ್ಥಕ ಅವರು ಹೇಳಿದ 59 ನನಗೆ ಅರ್ಥ ಆಗುತ್ತದೆ. ಅಷ್ಟು ಜನ ನನಗಾಗಿ ಬೇಡಿಕೊಳ್ಳುತ್ತಿದ್ದಾರೆ ಅಂದರೆ ಪರೀಕ್ಷೆ ಬರೆಯುವ ಹುಡುಗನ ಹಾಗೆ ಆಗುತ್ತದೆ, ಫೇಲಾದರೆ ಎಲ್ಲರ ಮುಖ ಹೇಗೆ ನೋಡುವುದು ಅಂತ. ಚಿಲ್ಲರೆ ಪ್ರಾರ್ಥನೆ ಇಷ್ಟ ಆಯಿತು. ನಿನ್ನೆ ರಾತ್ರಿ ಪಂಪ್ ಗುರ್ ಅಂದಾಗ, "ಇದರ ಸದ್ದನ್ನಾದರೂ ನಿಲ್ಲಿಸಯ್ಯಾ" ಅಂದೆ. ಜೋರಾಗಿಯೇ ಅಂದೆ. ನಿಲ್ಲಲಿಲ್ಲ. ಆದರೆ ಎಂಟು ತಿಂಗಳಲ್ಲಿ ನಾನು ಅವನ ಹತ್ತಿರ ಆಡಿದ ಮೊದಲ ಮಾತು ಅದು. ಬೈಗುಳವೋ ಪ್ರಾರ್ಥನೆಯೋ ಗೊತ್ತಿಲ್ಲ. ಹೆಂಡತಿ ಎದ್ದು ಯಾರ ಹತ್ತಿರ ಮಾತಾಡುತ್ತಿದ್ದೀರಿ ಅಂದಳು.

ಮುಂದಿನ ವಾರ ಸ್ಕ್ಯಾನ್. ಗಡ್ಡೆ ರಕ್ತನಾಳ ಬಿಟ್ಟಿದ್ದರೆ ಆಪರೇಷನ್ ಮಾತು ಮತ್ತೆ ಬರಬಹುದು, ಇಲ್ಲದಿದ್ದರೆ ಇಲ್ಲ.

ಶುಭೋದಯ77 | ಗುರುವಾರ, ರಾತ್ರಿ 10:48

ಸರ್, ಮೊದಲ ದಿನ "ಧೈರ್ಯವಾಗಿರಿ" ಅಂತ ಬರೆದವನು ನಾನು. ಪೂರ್ತಿ ಓದಿದ್ದೆ. ಎರಡು ಸಲ ಓದಿದ್ದೆ. ನನಗೂ ಇದೇ ಕಾಯಿಲೆ ಅಂತ ಗೊತ್ತಾಗಿ ಅವತ್ತಿಗೆ ಐದು ದಿನ ಆಗಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಏನು ಬರೆಯುವುದು ಅಂತ ತಿಳಿಯಲಿಲ್ಲ, ಕೈಗೆ ಬಂದದ್ದು ಅದೊಂದೇ ಸಾಲು. ತಪ್ಪು ತಿಳಿಯಬೇಡಿ.

ಅರ್ಧನಿದ್ದೆ | ಗುರುವಾರ, ರಾತ್ರಿ 11:02

ಅಯ್ಯೋ ಸರ್. ಕ್ಷಮಿಸಿ. ನಾನು ಒರಟಾಗಿ ಬರೆದೆ.

ಕಿಟಕಿಪಕ್ಕ | ಗುರುವಾರ, ರಾತ್ರಿ 11:20

ಶುಭೋದಯ ಅವರೇ, ಬನ್ನಿ. ನಾನೂ ಎದ್ದಿದ್ದೇನೆ. ಮನೆಯಲ್ಲಿ ಹೇಳಿದಿರಾ? ಊಟ ಸೇರುತ್ತಿದೆಯಾ? ತೂಕ ಇಳಿಯುತ್ತಿದ್ದರೆ ಎಂಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರಾ? ಮೇಲೆ ಹಿರಿಮಗಳು ಅವರು ಬರೆದಿದ್ದಾರೆ, ಮೊದಲ ತುತ್ತಿನ ಜೊತೆ. ನಿಧಾನವಾಗಿ ಒಂದೊಂದಾಗಿ ಹೇಳಿ.